ದಿನಕ್ಕೆ ಎರಡು ನಿಮಿಷ

ಮೂರು ಜನರಿರುವ ನಮ್ಮ ಮನೆಗೆ ನನ್ನ ಗಂಡ ತಂದಿದ್ದು ಎರಡೇ ಸೀಟಿನ ಕಾರು. ಸೆಕೆಂಡ್ ಹ್ಯಾಂಡ್, ವಯಸ್ಸಾದದ್ದು, ಆದರೂ ಸ್ಪೋರ್ಟ್ಸ್ ಕಾರು. ಅದರೊಳಗೆ ಕೂರುವುದೆಂದರೆ ನೆಲದ ಮೇಲೆ ಚಾಪೆ ಹಾಸಿ ಕೂತ ಹಾಗೆ, ಏಳುವಾಗ ಯಾರಾದರೂ ಕೈ ಕೊಡಬೇಕು. ದೆಹಲಿಯ ರೋಹಿಣಿ ಬಡಾವಣೆಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಕಂಬಗಳ ನಡುವಿನ ಪಾರ್ಕಿಂಗಿನಲ್ಲಿ ಅದು ಕವರ್ ಹೊದ್ದು ನಿಂತಿರುತ್ತಿತ್ತು. ನಾವು ಮೂವರೂ ಒಟ್ಟಿಗೆ ಅದರಲ್ಲಿ ಹೋಗಿದ್ದೇ ಇಲ್ಲ, ಹೋಗಲು ಆಗುತ್ತಲೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಕಂಪನಿಯವರು ಅವರನ್ನು ಎರಡು ತಿಂಗಳಿಗೆಂದು ಪುಣೆಗೆ ಕಳಿಸಿದರು. ಹೊರಡುವ ಮುನ್ನ ಒಂದು ಚೀಟಿ ಬರೆದು ಅಡುಗೆಮನೆಯ ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿದರು. ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಮಾಡುವುದು, ಎರಡು ನಿಮಿಷ ಬಿಡುವುದು, ಆಕ್ಸಿಲರೇಟರ್ ಮುಟ್ಟದೆ ಆಫ್ ಮಾಡುವುದು. ಬ್ಯಾಟರಿ ಸಾಯಬಾರದು ಎಂದು ಈ ವ್ಯವಸ್ಥೆ. ಎರಡೇ ನಿಮಿಷ ಯಾಕೆಂದರೆ, ಹೆಚ್ಚು ಹೊತ್ತು ಓಡಿಸಿದರೆ ಹೊಗೆ ಬರುತ್ತದೆಂದು ಕೆಳಮನೆಯವರು ಗೊಣಗುತ್ತಾರೆ. ರಸ್ತೆಗೆ ಇಳಿಸುವ ಮಾತೇ ಇರಲಿಲ್ಲ. ಗಾಳಿ ಕೆಟ್ಟ ದಿನಗಳಲ್ಲಿ ಅಷ್ಟು ಹಳೆಯ ಪೆಟ್ರೋಲ್ ಗಾಡಿಗೆ ನಿಷೇಧ, ಮತ್ತು ದೆಹಲಿಯ ಚಳಿಗಾಲದಲ್ಲಿ ಗಾಳಿ ನೆಟ್ಟಗಿರುವ ದಿನಗಳನ್ನು ಹುಡುಕಬೇಕು.

ನಾನು ಚಾಚೂ ತಪ್ಪದೆ ಮಾಡಿದೆ. ಸ್ವೆಟರಿನ ಮೇಲೆ ಶಾಲು ಹೊದ್ದು, ಮೊಬೈಲಿನಲ್ಲಿ ಸಮಯ ನೋಡಿಕೊಂಡು, ಎರಡು ನಿಮಿಷ ತುಂಬಿದ ಕೂಡಲೇ ಕೀ ತಿರುಗಿಸಿ ಮೇಲೆ ಬರುತ್ತಿದ್ದೆ. ಆಮೇಲೆ ಮಗಳ ಡಬ್ಬಿ, ಅವಳ ಸ್ಕೂಲ್ ಬಸ್ಸು, ನನ್ನ ಉತ್ತರಪತ್ರಿಕೆಗಳು. ಮುಖರ್ಜಿ ನಗರದ ಒಂದು ಕೋಚಿಂಗ್ ಸೆಂಟರಿಗೆ ನಾನು ಮನೆಯಲ್ಲೇ ಕೂತು ಪತ್ರಿಕೆ ತಿದ್ದಿಕೊಡುತ್ತೇನೆ. ನಮ್ಮ ಊರ ಕಡೆಯಿಂದ ಓದಲು ಬಂದ ಹುಡುಗರು ನನ್ನ ಕೆಂಪು ಶಾಯಿಗೆ ಹೆದರುತ್ತಾರಂತೆ. ಕೇಳಿದಾಗಲೆಲ್ಲ ನಗು ಬರುತ್ತದೆ, ಯಾಕೆಂದರೆ ನನ್ನಷ್ಟು ಪುಕ್ಕಲು ಹೆಂಗಸು ಆ ಸೆಂಟರಿನಲ್ಲಿ ಇನ್ನೊಬ್ಬಳಿಲ್ಲ.

ಏಳನೇ ವಾರದ ಒಂದು ಬೆಳಿಗ್ಗೆ ಮಂಜು ಪಾರ್ಕಿಂಗಿನ ಒಳಗೂ ನುಗ್ಗಿತ್ತು. ಕೀ ತಿರುಗಿಸಿದೆ. ಎಂಜಿನ್ ಹತ್ತಿಕೊಂಡಿತು, ಆದರೆ ಇಡೀ ಗಾಡಿ ಗಡಗಡ ನಡುಗತೊಡಗಿತು. ಡಗ್ ಡಗ್ ಡಗ್ ಎಂದು ಓಡುವ ಸದ್ದಿನಲ್ಲಿ ಒಂದು ಪೆಟ್ಟು ಮತ್ತೆ ಮತ್ತೆ ತಪ್ಪಿಹೋಗುತ್ತಿತ್ತು. ಎದುರಿನ ಹಳದಿ ದೀಪ ಮಿಟುಕುತ್ತಿತ್ತು, ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಆಫ್ ಮಾಡಿ, ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನನ್ನ ಗಂಡ ಕೈ ಎತ್ತುವವರಲ್ಲ, ಬೈಯುವವರೂ ಅಲ್ಲ. ಮಾತು ಬಿಡುತ್ತಾರೆ. ಒಮ್ಮೆ ನಾನು ಸ್ಕೂಟರಿನ ಕೀ ಕಳೆದಾಗ ದಿನಗಟ್ಟಲೆ ಮಾತು ಬಿಟ್ಟಿದ್ದರು. ಬಡಿಸಿದ್ದನ್ನು ಉಣ್ಣುತ್ತಾರೆ, ಕೇಳಿದ್ದಕ್ಕೆ ಗೋಡೆ ನೋಡುತ್ತಾರೆ. ಆ ದಿನಗಳಲ್ಲಿ ಕುಕ್ಕರ್ ಕೂಗಿದರೂ ನಾನು ಬೆಚ್ಚಿಬೀಳುತ್ತೇನೆ. ಒಂಬತ್ತು ವರ್ಷದ ಮಗಳಿಗೆ ಪಪ್ಪನಿಗೆ ತಲೆನೋವು ಎಂದು ಹೇಳಿ ಟೀವಿಯ ಸದ್ದು ಕಡಿಮೆ ಮಾಡಿಸುತ್ತೇನೆ. ಒಂದು ಕೀ ಕಳೆದದ್ದಕ್ಕೇ ಅಷ್ಟಾದರೆ, ಅವರು ದಿನಾ ಬಟ್ಟೆಯಿಂದ ಒರೆಸುವ ಈ ಗಾಡಿ ನನ್ನ ಕೈಯಲ್ಲಿ ಕೆಟ್ಟರೆ ಎಷ್ಟಾಗಬಹುದು?

ಅಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಎಂದಿನಂತೆ ಮೊದಲು ಗಾಡಿಯ ಆರೋಗ್ಯ ವಿಚಾರಿಸಿದರು. ಚೆನ್ನಾಗಿದೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಅವರು ಬರಲು ಇನ್ನು ಹತ್ತು ದಿನ ಇತ್ತು.

ಸೆಕ್ಟರ್ ಮಾರ್ಕೆಟ್ಟಿನ ಹಿಂದೆ ಗ್ಯಾರೇಜು ಇಟ್ಟಿರುವ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆತಂದೆ. ಅವರಿಗೆ ಬಿಡುವಾದದ್ದು ಮಧ್ಯಾಹ್ನ. ಅಷ್ಟರಲ್ಲಿ ಬಿಸಿಲು ಬಂದಿತ್ತು, ಗಾಡಿ ಒಂದೆರಡು ಸಲ ಕೆಮ್ಮಿ ಸರಿಹೋಯಿತು. ರೋಗ ಇರುವುದು ಚಳಿಯಲ್ಲಿ, ಬೆಳಗಿನ ಆರು ಗಂಟೆಗೆ ಬರಲು ನನ್ನಿಂದಾಗದು, ಪರೀಕ್ಷೆ ನೀವೇ ಮಾಡಬೇಕು ಎಂದರು. ಸ್ಟೀರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಸಿಕ್ಕಿಸಿ, ಎಂಜಿನ್ನಿನ ನಾಲ್ಕು ಸಿಲಿಂಡರಿನಲ್ಲಿ ಯಾವುದು ಪೆಟ್ಟು ತಪ್ಪುತ್ತಿದೆ ಎಂದು ನನ್ನ ಫೋನಿನಲ್ಲಿ ನೋಡುವುದನ್ನು ಕಲಿಸಿದರು. ಬೆಳಿಗ್ಗೆ ತಪ್ಪಿದ್ದು ಮೂರನೆಯದು ಎಂದು ಬಂತು. ಕಿಡಿಗೆ ಕರೆಂಟು ಕೊಡುವ ಕಾಯಿಲು ಪ್ರತಿ ಸಿಲಿಂಡರಿಗೂ ಒಂದಿರುತ್ತದೆ, ಮೂರನೆಯದರದ್ದನ್ನು ಒಂದನೆಯದಕ್ಕೆ ಹಾಕಿ, ಒಂದನೆಯದರದ್ದನ್ನು ಮೂರಕ್ಕೆ ಹಾಕಿ ಎಂದರು. ಬೆಳಿಗ್ಗೆ ತಪ್ಪು ಒಂದಕ್ಕೆ ಹೋದರೆ ಕಾಯಿಲಿನ ದೋಷ. ಹೋಗದಿದ್ದರೆ ಕಿಡಿ ಹಾರಿಸುವ ಪ್ಲಗ್ ನೋಡಬೇಕು. ಪ್ಲಗ್ಗೂ ಸರಿ ಇದ್ದರೆ ಎಂಜಿನ್ ಬಿಚ್ಚಬೇಕು. ಕೊನೆಯ ಮಾತನ್ನು ಅವರು ಚಹಾ ಕುಡಿಯುತ್ತಾ ಆರಾಮವಾಗಿ ಹೇಳಿದರು.

ಕಷ್ಟ ಏನೆಂದರೆ, ದಿನಕ್ಕೆ ಒಂದೇ ಪರೀಕ್ಷೆ. ಒಮ್ಮೆ ಸ್ಟಾರ್ಟ್ ಮಾಡಿದ ಮೇಲೆ ಎಂಜಿನ್ ಮತ್ತೆ ರಾತ್ರಿಯಿಡೀ ತಣ್ಣಗಾಗಬೇಕು. ತಪ್ಪಿದರೆ ಒಂದು ದಿನ ಹೋಯಿತು.

ಮರುದಿನ ಸಂಜೆ ಕಾಯಿಲ್ ಅದಲುಬದಲು ಮಾಡುವಾಗ ಬೋಲ್ಟೊಂದು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಟಣ್ ಎಂದ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ. ಟಾರ್ಚ್ ಹಾಕಿ ಬಗ್ಗಿ ಬಗ್ಗಿ ನೋಡಿದೆ, ನನ್ನ ಕೈ ಒಳಗೆ ಹೋಗಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಮಗಳು ಬಳೆ ತೆಗೆದು ನನಗೆ ಕೊಟ್ಟು, ಸಣ್ಣ ಕೈಯನ್ನು ಪೈಪುಗಳ ನಡುವೆ ಇಳಿಸಿ, ನಾಲಿಗೆ ಕಚ್ಚಿಕೊಂಡು ಹುಡುಕಿ ಬೋಲ್ಟನ್ನು ಎತ್ತಿಕೊಟ್ಟಳು.

ಬೆಳಿಗ್ಗೆ ತಪ್ಪು ಮೂರರಲ್ಲೇ ಉಳಿದಿತ್ತು. ಕಾಯಿಲ್ ಅಲ್ಲ. ಉಳಿದದ್ದು ಪ್ಲಗ್, ಇಲ್ಲವೇ ಎಂಜಿನ್.

ಮೆಕ್ಯಾನಿಕ್ ಕೊಟ್ಟಿದ್ದ ಉದ್ದನೆಯ ಪಾನಾ ಹಾಕಿ ಮೂರನೆಯ ಪ್ಲಗ್ ಬಿಚ್ಚಿದೆ. ತುದಿ ಕಾಡಿಗೆಯಷ್ಟು ಕಪ್ಪು, ಮೇಲೆ ಒದ್ದೆ, ಪೆಟ್ರೋಲಿನ ವಾಸನೆ. ಉಳಿದ ಮೂರನ್ನೂ ಬಿಚ್ಚಿದೆ. ಎಲ್ಲವೂ ಕಪ್ಪೇ, ಸ್ವಲ್ಪ ಕಡಿಮೆ ಅಷ್ಟೆ. ಫೋಟೋ ಕಳಿಸಿದ ಅರ್ಧ ಗಂಟೆಗೆ ಮೆಕ್ಯಾನಿಕ್ ತಾವೇ ಬಂದರು. ದಿನಾ ಎಷ್ಟು ಹೊತ್ತು ಓಡಿಸುತ್ತೀರಿ ಎಂದು ಕೇಳಿದರು. ಎರಡು ನಿಮಿಷ ಎಂದು ಹೆಮ್ಮೆಯಿಂದಲೇ ಹೇಳಿದೆ.

ಅವರು ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟು ವಿವರಿಸಿದರು. ಚಳಿಯಲ್ಲಿ ಎಂಜಿನ್ ಹತ್ತಿಕೊಳ್ಳಲು ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಬಿಸಿಯಾದರೆ ಅದೆಲ್ಲ ಉರಿದುಹೋಗುತ್ತದೆ. ಎರಡು ನಿಮಿಷಕ್ಕೆ ಬಿಸಿಯೇ ಆಗುವುದಿಲ್ಲ, ಉರಿಯದೆ ಉಳಿದದ್ದು ಪ್ಲಗ್ಗಿಗೆ ಮೆತ್ತಿಕೊಳ್ಳುತ್ತದೆ. ಒಂದೂವರೆ ತಿಂಗಳು ದಿನಾ ಮೆತ್ತಿದ್ದೀರಿ. ಮುಟ್ಟದೇ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ, ಬ್ಯಾಟರಿಯ ಒಂದು ತಂತಿ ಬಿಚ್ಚಿಟ್ಟಿದ್ದರೆ ಸಾಕಿತ್ತು.

"ಯೇ ದೋ ಮಿನಿಟ್‌ವಾಲೀ ಬಾತ್ ಆಪ್ಕೋ ಕಿಸ್ನೇ ಬತಾಯೀ?" ಎಂದು ಕೇಳಿದರು. ಈ ಎರಡು ನಿಮಿಷದ ಮಾತನ್ನು ಯಾರು ಹೇಳಿದರೆಂಬುದನ್ನು ಬಿಟ್ಟು, ನಾನು ಹೊಸ ಪ್ಲಗ್ಗಿನ ಬೆಲೆ ಕೇಳಿದೆ.

ಎಂಜಿನ್ ಬಿಚ್ಚಬೇಕಿಲ್ಲ ಎಂದು ತಿಳಿದಾಗ ಕುಣಿಯಬೇಕಿತ್ತು. ಮೇಲೆ ಬಂದು ಸ್ವಿಚ್‌ಬೋರ್ಡಿನ ಪಕ್ಕದ ಚೀಟಿ ನೋಡಿದರೆ ಭಯ ಇಮ್ಮಡಿಯಾಯಿತು. ತಪ್ಪು ನನ್ನದಾಗಿದ್ದರೆ ತಲೆ ತಗ್ಗಿಸುವುದು ಅಭ್ಯಾಸವಿದೆ. ತಪ್ಪು ನಿಮ್ಮದು ಎಂದು ಗಂಡನಿಗೆ ಹೇಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹೊಸ ಪ್ಲಗ್‌ಗಳನ್ನು ನಾನೇ ಹಾಕಿದೆ, ಮೊದಲು ಬೆರಳಿನಲ್ಲಿ ತಿರುಗಿಸಿ, ಆಮೇಲೆ ಪಾನಾದಲ್ಲಿ. ಕೆಳಮನೆಯವರಿಗೆ ಮುಂಚೆಯೇ ಹೇಳಿ ಇಪ್ಪತ್ತು ನಿಮಿಷ ಓಡಿಸಿದೆ. ನಡುಕವಿಲ್ಲ, ದೀಪವಿಲ್ಲ. ಮುಂದಿನ ಮೂರು ಬೆಳಿಗ್ಗೆಯೂ ಹಾಗೆಯೇ.

ಅವರು ಶನಿವಾರ ಸಂಜೆ ಪುಣೆಯಿಂದ ಬಂದರು. ಭಾನುವಾರ ಬೆಳಿಗ್ಗೆ ಎದ್ದವರೇ ಕೆಳಗಿಳಿದರು, ನಾನು ಹಿಂದೆಯೇ ಹೋದೆ. ಮಗಳು ಸ್ವೆಟರಿನ ತೋಳಿನೊಳಗೆ ಬೆರಳು ಎಳೆದುಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತಳು. ಗಾಡಿ ಒಂದೇ ಸಲಕ್ಕೆ ಹತ್ತಿತು. ಅವರ ಮುಖ ಅರಳಿತು.

"ನೋಡಿದ್ಯಾ? ದಿನಾ ಎರಡು ನಿಮಿಷ ಹಾಕಿದ್ರೆ ಏನೂ ಆಗಲ್ಲ" ಎಂದರು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರು ಗಡಿಯಾರ ನೋಡಿ ಕೀಗೆ ಕೈ ಹಾಕಿದರು. ಮತ್ತೆ ಕಪ್ಪು, ಮತ್ತೆ ನಡುಕ, ಮತ್ತೆ ನನ್ನ ಸುಳ್ಳು ಎಲ್ಲ ಕಣ್ಣ ಮುಂದೆ ಬಂದವು.

"ಆಫ್ ಮಾಡ್ಬೇಡಿ" ಎಂದೆ. "ಎರಡೇ ನಿಮಿಷಕ್ಕೆ ಆಫ್ ಮಾಡಿ ಮಾಡೀನೇ ಇದು ಕೆಟ್ಟಿತ್ತು ರೀ. ಪ್ಲಗ್ ನಾನೇ ಬದಲಾಯಿಸ್ದೆ. ನೀವು ಮಾತು ಬಿಡ್ತೀರ ಅಂತ ಹೆದರಿ ಸುಳ್ಳು ಹೇಳ್ದೆ."

ಅವರು ಕೀಯಿಂದ ಕೈ ತೆಗೆದರು. ದೃಷ್ಟಿ ಎದುರಿನ ಗೋಡೆಗೆ ಹೋಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಎಂಜಿನ್ ಓಡುತ್ತಲೇ ಇತ್ತು.

ಆಗ ಮೆಟ್ಟಿಲಿನಿಂದ ಮಗಳು, ನಾಳೆ ರಜೆಯಾ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು: "ಪಪ್ಪಾ, ಈ ಸಲ ಕಿತ್ನೇ ದಿನ್ ಚುಪ್? ಲಾಸ್ಟ್ ಟೈಮ್ ಇಲೆವೆನ್ ಇತ್ತು."

ಅವರು ಮಾತು ಬಿಟ್ಟ ದಿನಗಳನ್ನು ನಾನು ಯಾವತ್ತೂ ಎಣಿಸಿರಲಿಲ್ಲ. ತಲೆನೋವಿನ ಕಥೆಯನ್ನು ಅವಳು ಒಂದು ದಿನವೂ ನಂಬಿರಲಿಲ್ಲ.

ಅವರು ಗೋಡೆಯಿಂದ ಕಣ್ಣು ಕಿತ್ತು ಅವಳನ್ನು ನೋಡಿದರು. ಬಗ್ಗಿ ಪಕ್ಕದ ಸೀಟಿನ ಬಾಗಿಲು ತೆರೆದು, "ಬಾ ಪುಟ್ಟಿ" ಎಂದರು.

ಅವಳು ಎದ್ದಳು, ಆದರೆ ಹೆಜ್ಜೆ ಇಡಲಿಲ್ಲ. ಮೊದಲು ನನ್ನ ಮುಖ ನೋಡಿದಳು, ಹೋಗಬಹುದಾ ಎಂದು. ಅವಳು ಹಾಗೆ ನೋಡಿದ್ದನ್ನು ಅವರೂ ನೋಡಿದರು.