ಹುರಿದ ಜವೆಗೋಧಿ

ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಬಾಟ್ಲಿಯ ಪಕ್ಕ, ನನ್ನ ಗಂಡ ಬಿಟ್ಟುಹೋದ ಗಾಜಿನ ಸೀಸೆ ಇತ್ತು. ಒಳಗೆ ಬೂದು ಬಣ್ಣದ ಗಸಿ. ಅದು ಈಸ್ಟ್. ಒಂದು ಸಲ ಬಿಯರ್ ಮಾಡಿದಾಗ ತಳದಲ್ಲಿ ಉಳಿದದ್ದನ್ನು ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕುತ್ತಿದ್ದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. "ಇದಕ್ಕೆ ಜೀವ ಐತೆ. ಬಾಳ ದಿನ ಉಪವಾಸ ಕೆಡವಬಾರದು" ಅನ್ನುತ್ತಿದ್ದರು. ಅವರನ್ನು ಮಣ್ಣು ಮಾಡಿ ಬಂದ ಮೇಲೆ, ಅವರ ಕೈಯದು ಅಂತ ಮನೆಯಲ್ಲಿ ಜೀವ ಇದ್ದದ್ದು ಅದೊಂದಕ್ಕೇ.

ನಾನು ಬಿಯರ್ ಕುಡಿದವಳಲ್ಲ. ನಮ್ಮದು ಲಿಂಗಪೂಜೆಯ ಮನೆ. ಅತ್ತೆ ಅದನ್ನು "ಅವನ ಗಂಜಿ" ಎಂದು ಕರೆದು, ಹಿತ್ತಲ ಕೋಣೆಯಲ್ಲಿ ಜಾಗ ಕೊಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ. ಜವೆಗೋಧಿ ಮೊಳಕೆ ಕಟ್ಟಿ, ಒಣಗಿಸಿ, ಒಡೆದು, ಬಿಸಿನೀರಲ್ಲಿ ನೆನೆಸಿದರೆ ಸಿಹಿ ನೀರು ಬಿಡುತ್ತಿತ್ತು. ಅದನ್ನು ಬಸಿದು ಕುದಿಸಿ, ಆರಿದ ಮೇಲೆ ಈಸ್ಟ್ ಹಾಕುತ್ತಿದ್ದರು.

ಆ ಈಸ್ಟಿಗೆ ಉಣಿಸಲು ಈ ಸಲ ನಾನೇ ಮಾಡೋಣವೆಂದು ಜವೆಗೋಧಿ ತರಲು ಹೋದೆ. ಮಂಡಿಪೇಟೆ ಅಂಗಡಿಯವರು, "ಸಿಪ್ಪೆ ಸಮೇತ ಯಾಕ್ರಿ ಅಕ್ಕಾ? ಕಿಡ್ನಿ ಕಲ್ಲಿಗಾದ್ರೆ ಪಾಲಿಶ್ ಮಾಡಿದ್ದು ಒಯ್ರಿ" ಅಂದರು.

"ಮೊಳಕೆ ಕಟ್ಬೇಕ್ರಿ."

"ಕೂಸಿಗೇನ್ರಿ?"

ಹೂಂ ಅಂದೆ.

ಮೊಳಕೆ ಚೆನ್ನಾಗಿಯೇ ಬಂತು. ನೆರಳಲ್ಲಿ ಒಣಗಿಸಿ, ತರಕಾರಿ ತರಲು ಹೋಗಿ ಬಂದರೆ ಮನೆಯೆಲ್ಲ ಘಮ. ಅತ್ತೆ ಒಲೆಯ ಮುಂದೆ ನಿಂತು ಬಾಣಲೆಯಲ್ಲಿ ಕಾಳು ಹುರಿಯುತ್ತಿದ್ದರು.

"ಮೊಳಕೆ ಕಾಳು ಹುರೀದೆ ಹಂಗೇ ಒಡೀತಾರೇನವ್ವಾ? ರಾಗಿ ಮಾಲ್ಟ್ ಕುಡಿಸಿ ಅವನ್ನ ಬೆಳೆಸಿದೋಳು ನಾನು."

ಮಗ ಹೋದ ಮೇಲೆ ಅವರು ಒಲೆಯ ಹತ್ತಿರ ಬಂದದ್ದು ಅದೇ ಮೊದಲು. ನನಗೂ ಸರಿಯೆನಿಸಿತು. ಮೊಳಕೆ ರಾಗಿಯನ್ನು ನಮ್ಮ ಮನೆಗಳಲ್ಲಿ ಯಾರು ಹುರಿಯುವುದಿಲ್ಲ?

ಬಸಿದ ನೀರು ಅಂಟಂಟಾಗಿತ್ತು, ಸಿಹಿ ಇರಲಿಲ್ಲ. ಏನೋ, ಆಮೇಲೆ ಸರಿಹೋಗಬಹುದು ಅಂದುಕೊಂಡು ಕುದಿಸಿ ಆರಿಸಿ ಅವರ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಸೀಸೆಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು ಮುಚ್ಚಳ ಬಿಗಿದೆ. ಮುಚ್ಚಳದಿಂದ ಒಂದು ಸಣ್ಣ ಪೈಪು ನೀರಿನ ಲೋಟಕ್ಕೆ ಇಳಿದಿತ್ತು. ಅವರಿದ್ದಾಗ ಮರುದಿನವೇ ಆ ಲೋಟದಲ್ಲಿ ಗುಳುಗುಳು ಶುರುವಾಗುತ್ತಿತ್ತು, ನಮ್ಮಿಬ್ಬರನ್ನೂ ಕರೆದು ಕೇಳಿಸುತ್ತಿದ್ದರು. ಈ ಸಲ ನೀರು ಅಲುಗಲಿಲ್ಲ. ಅತ್ತೆ ಪೂಜೆ ಮುಗಿಸಿ ದಿನಾ ಹೋಗಿ ಕಿವಿಗೊಡುತ್ತಿದ್ದರು. ಕಡೆಗೆ ಹಳಸಿದ ವಾಸನೆ ಬಂತು.

ನನ್ನ ಗಂಡನಿಗೆ ಇದನ್ನೆಲ್ಲ ಕಲಿಸಿದ್ದ ಫ್ಯಾಕ್ಟರಿಯ ಗೆಳೆಯ ಹರಿಹರದಿಂದ ಬಂದರು. ಮುಚ್ಚಳ ತೆಗೆದು ಮೂಸಿದರು.

"ಕಾಳು ಹುರಿದ್ರೇನಕ್ಕಾ?"

"ಹೂಂ."

"ಹುರೀಬಾರದಿತ್ತು. ಹಿಟ್ಟನ್ನ ಸಿಹಿ ಮಾಡೋ ಶಕ್ತಿ ಮೊಳಕೇಲಿ ಇರ್ತದೆ. ಬಾಣಲೆ ಬಿಸಿಗೆ ಅದು ಹೋಯ್ತು. ಈಸ್ಟಿಗೆ ತಿನ್ನಾಕೆ ಏನೂ ಇಲ್ಲ ಇದ್ರಾಗೆ." ಮುಚ್ಚಳ ಕೆಳಗಿಟ್ಟು, "ಸೀಸೇಲಿ ಒಂಚೂರು ಉಳಿಸೀರಾ?" ಅಂದರು.

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಇರ್ಲಿ ಬಿಡ್ರಿ, ಹೊಸ ಪ್ಯಾಕೆಟ್ ತರಿಸಿಕೊಡ್ತೀನಿ."

ಅವರು ಹೋದ ಮೇಲೆ ಅತ್ತೆ ಬಂದರು. "ಏನಂದ್ರವ್ವಾ?"

"ಕಾಳು ಸರಿ ಇರಲಿಲ್ಲವಂತೆ."

"ಆ ಮಂಡಿಪೇಟೆಯೋರು ಹಳೇದು ಕೊಟ್ಟಾರೆ. ನೀನು ನೋಡಿ ತರಬಾರದಾ?" ಎಂದು ಬೈದು, ಲೋಟದ ನೀರು ಚೆಲ್ಲಿ ಹೊಸ ನೀರು ತುಂಬಿ, ಪೈಪನ್ನು ಮತ್ತೆ ಅದರೊಳಗೆ ಇಳಿಸಿದರು.

"ಇನ್ನೊಂದಿನ ನೋಡೋಣ ತಡಿ."

ನಾನು ಕ್ಯಾನಿನ ಮುಚ್ಚಳ ಮತ್ತೆ ಬಿಗಿದೆ.