ಆಡಿ ಹದಿನೆಂಟರ ಪರೀಕ್ಷೆ

ಮೊನ್ನೆ ಆಫೀಸಿನಲ್ಲಿ ಯಾರೋ ಊಟದ ಡಬ್ಬಿ ತೆರೆದರು. ಹುರಿದ ಮೀನಿನ ಖಾರ, ಅದರ ಹಿಂದೆಯೇ ಸುಟ್ಟ ಎಣ್ಣೆಯ ಘಾಟು... ಸೇಲಂನ ಆ ಮಹಡಿಯಲ್ಲಿ, ಎ.ಸಿ. ಗುಂಯ್‌ಗುಡುವ ಮಧ್ಯಾಹ್ನದಲ್ಲಿ, ನನಗೆ ಹೊಗೆನಕಲ್ಲಿನ ಬಂಡೆಗಳು ಕಂಡವು. ಬಂಡೆಗಳ ನಡುವೆ ಮೆಲ್ಲಗೆ ತಿರುಗುವ ಹರಿಗೋಲು, ಅದರಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಕೂತಿದ್ದ ಅಣ್ಣ. ನಾನು ತುತ್ತು ಕೆಳಗಿಟ್ಟೆ.

ಅಣ್ಣ ಅಂದರೆ ಒಡಹುಟ್ಟಿದವರಲ್ಲ, ನಮ್ಮ ತಂಡದ ಹಿರಿಯರು. ಆಫೀಸಿನಲ್ಲಿ ಎಲ್ಲರದೂ ತಮಿಳು. ಕನ್ನಡದ ಮನೆಯಿಂದ ಬಂದವರು ನಾವಿಬ್ಬರೇ. ಅವರು ಪಾಲಕೋಡಿನ ಕಡೆಯವರು, ನಾನು ಕಡಯಂಪಟ್ಟಿಯವಳು. ಬೈಯುವಾಗ ಮಾತ್ರ ಅವರು ಕನ್ನಡಕ್ಕೆ ಇಳಿಯುತ್ತಿದ್ದರು. ಹಾಗಾಗಿ ಬೈಸಿಕೊಳ್ಳುವುದೂ ನನಗೆ ಹಿತವಾಗಿತ್ತು.

ನಮ್ಮದು ತರಕಾರಿ ಮಂಡಿಗಳಿಗೆ ಸಾಫ್ಟ್‌ವೇರ್ ಒದಗಿಸುವ ಕಂಪನಿ. ಆ ಸಾಫ್ಟ್‌ವೇರ್ ಸಣ್ಣ ಸಣ್ಣ ತುಂಡುಗಳಾಗಿ ಓಡುತ್ತದೆ, ಕಂಟೇನರ್ ಅನ್ನುತ್ತೇವೆ. ಅವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ, ಒಂದು ಕೆಟ್ಟರೆ ಇನ್ನೊಂದಕ್ಕೆ ಎತ್ತಿಡಲು ಮೇಲೊಂದು ವ್ಯವಸ್ಥೆ ಬೇಕು. ಬಿಟ್ಟಿಯಾಗಿ ಸಿಗುವುದನ್ನೇ ತಂದು ಅಣ್ಣ ಒಬ್ಬರೇ ಕಟ್ಟಿ ನಡೆಸುತ್ತಿದ್ದರು. ಅದು ಕೆಟ್ಟಾಗಲೆಲ್ಲ ಅವರು ಮನೆ ಬಿಟ್ಟು ಓಡಿ ಬರಬೇಕಿತ್ತು. ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ.

ಅಂಥದ್ದೇ ವ್ಯವಸ್ಥೆಯನ್ನು, ಯಾವ ಹೊತ್ತಿನಲ್ಲೂ ನೋಡಿಕೊಳ್ಳುವ ಜನರ ಸಮೇತ, ಹೊರಗಿನ ಒಂದು ಕಂಪನಿ ಮಾರುತ್ತಿತ್ತು. ನಮ್ಮ ಮಾಲೀಕರು ಎಲ್ಲರೆದುರಿಗೇ ಅಣ್ಣನಿಗೆ ಹೇಳಿದರು: ಪರೀಕ್ಷೆ ಮಾಡಿ ನೋಡಿ, ಗಟ್ಟಿಯಿದ್ದರೆ ಕೊಳ್ಳೋಣ, ಆದರೆ ಅದನ್ನೂ ನಿಮ್ಮನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನನ್ನಿಂದಾಗದು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅನ್ನುತ್ತಾರೆ. ಇವರು ಅರೆಯುವ ಕಲ್ಲನ್ನು ಕೋಳಿಯ ಮುಂದೆಯೇ ತಂದಿಟ್ಟಿದ್ದರು! ನನಗೆ ಮೈಯೆಲ್ಲ ಉರಿಯಿತು.

"ಅಣ್ಣಾ, ಅದು ಸರಿಯಿಲ್ಲ ಅಂದ್ಬುಡಿ," ಅಂದೆ.

"ಸುಮ್ಕಿರಮ್ಮಿ. ಮೊದ್ಲು ಕೆಡ್ತೈತಾ ನೋಡಾಣ," ಅಂದರು. ಅವರ ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತೇನೋ... ಕೆಡಲಿ ಎಂಬ ಆಸೆ.

ಪರೀಕ್ಷೆಗೆ ಅವರು ಆರಿಸಿದ್ದು ಆಡಿ ಹದಿನೆಂಟನ್ನು. ಅದು ತಮಿಳಿನ ಆಡಿ ತಿಂಗಳಲ್ಲಿ ಹೊಳೆಯ ಹೊಸ ನೀರಿಗೆ ಮಾಡುವ ಹಬ್ಬ, ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಳೆಗೆ ಇಳಿಯುತ್ತದೆ. ಮಂಡಿಗಳ ವ್ಯಾಪಾರದ ನಕಲನ್ನು ಹೊಸ ವ್ಯವಸ್ಥೆಯ ಮೇಲೆ ಓಡಲು ಬಿಟ್ಟು, ಆಫೀಸಿಗೆ ಬೀಗ ಹಾಕಿಸಿ, ನಮ್ಮೆಲ್ಲರನ್ನೂ ಹೊಗೆನಕಲ್ಲಿಗೆ ಹೊರಡಿಸಿದರು. ಮಾರುವ ಕಂಪನಿಗೆ ಸುಳಿವು ಕೊಡಲಿಲ್ಲ. ಕಾವಲಿನ ತಾತನಿಗೆ ಮಾತ್ರ, ಊಟವಾದ ಮೇಲೆ ನಿಮಗೆ ತೋಚಿದಾಗ, ತೋಚಿದ ಒಂದು ಮಷೀನನ್ನು ಆಫ್ ಮಾಡಿಬಿಡಿ ಅಂದರು. ಯಾವುದು, ಯಾವಾಗ ಎಂದು ತಮಗೂ ತಿಳಿಯಬಾರದು. ಗಂಡಿನ ಮನೆಯನ್ನು ಹೇಳದೆ ಕೇಳದೆ ಹೋಗಿ ನೋಡಿದರೇ ನಿಜ ಗೊತ್ತಾಗೋದು ಎಂಬುದು ಅವರ ತಾಯಿಯ ಮಾತಂತೆ.

ಹೊಳೆಯಲ್ಲಿ ಕೆಂಪು ನೀರು, ದಡದ ತುಂಬ ಜನ, ಮೀನು ಹುರಿಯುವ ಘಾಟು, ನೀರಿನ ಹೊಗೆ ಮೊಗದ ಮೇಲೆ ತಣ್ಣಗೆ ಕೂರುತ್ತಿತ್ತು. ಹರಿಗೋಲು ಬಂಡೆಗಳ ಸಂದಿಗೆ ಹೋದದ್ದೇ ಎಲ್ಲರ ಫೋನಿನಲ್ಲೂ ಸಿಗ್ನಲ್ ಸತ್ತಿತು. ಅಣ್ಣ ತಮ್ಮ ಫೋನನ್ನು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಜೇಬಿಗಿಟ್ಟರು. ಎರಡೂ ಕಡೆ ಎತ್ತರದ ಕಲ್ಲು, ಮೇಲೆ ಒಂದು ಸೀಳು ಆಕಾಶ. ಸದ್ದೆಲ್ಲ ದೂರವಾಗಿ, ಹರಿಗೋಲು ತನ್ನಷ್ಟಕ್ಕೆ ಸುತ್ತುತ್ತಿತ್ತು... ಎಷ್ಟು ಹೊತ್ತು ಹಾಗಿದ್ದೆವೋ. ತಿರುಗಿ ನೋಡಿದರೆ ಅಣ್ಣ ನಿದ್ದೆಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ನೀರಿನಲ್ಲಿತ್ತು. ಅಷ್ಟು ವರ್ಷಗಳಲ್ಲಿ ಆ ಮೊಗದಲ್ಲಿ ಅಂಥ ಸಡಿಲವನ್ನು ನಾನು ಕಂಡಿರಲಿಲ್ಲ.

"ಎಬ್ಬಿಸ್ಬ್ಯಾಡಿ, ಮಲೀಕ್ಕಳ್ಲಿ," ಅಂದ ಅಂಬಿಗ, ಹುಟ್ಟನ್ನು ಇನ್ನೂ ನಿಧಾನ ಮಾಡಿ.

ಸಂಜೆ ಬಸ್ಸಿನ ಹತ್ತಿರ ಬಂದಾಗ ಫೋನುಗಳಿಗೆ ಜೀವ ಬಂತು. ಅಣ್ಣ ನಿಂತಲ್ಲೇ ಎಲ್ಲವನ್ನೂ ಓದಿದರು. ಆರಿದ ಮಷೀನಿನ ಕೆಲಸವನ್ನು ವ್ಯವಸ್ಥೆ ತಾನೇ ಬೇರೆ ಮಷೀನುಗಳಿಗೆ ಹಂಚಿತ್ತು. ಆಮೇಲೆ ಇನ್ನೂ ಒಂದು ಆರಿತ್ತು. ಆಗ ಆ ಕಂಪನಿಯವರು ನಮಗೆ ಫೋನ್ ಮಾಡಿ, ಯಾರೂ ಸಿಗದೆ, ಒಪ್ಪಿಗೆಯಿದ್ದಂತೆ ದೂರದಿಂದಲೇ ನೆಟ್ ಮೂಲಕ ಒಳಬಂದು ಸರಿಪಡಿಸಿದ್ದರು. ನಕಲು ಮಂಡಿ ಒಂದು ಗಳಿಗೆಯೂ ನಿಂತಿರಲಿಲ್ಲ.

ಎರಡನೆಯದು ಹೇಗೆ ಆರಿತು ಎಂದು ತಾತನಿಗೆ ಫೋನ್ ಮಾಡಿದರೆ, "ಒಣ್ಣುಮೇ ಆಗಲೆ ಸಾರ್!" ಅಂದ ತಮಿಳಿನಲ್ಲಿ. ಮೊದಲನೆಯದನ್ನು ಆಫ್ ಮಾಡಿದರೂ ಏನೂ ಆಗಲಿಲ್ಲವೆಂದು ಬೇಜಾರಾಗಿ ಇನ್ನೊಂದನ್ನೂ ಆಫ್ ಮಾಡಿದ್ದನಂತೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ನನಗೆ ನಗಲಾಗಲಿಲ್ಲ.

"ನಾನಿಲ್ದಿದ್ರೂ ನಡೀತೈತೆ ಕಣಮ್ಮಿ," ಅಂದರು ಮೆಲ್ಲಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಮಾರನೆಯ ದಿನ ಮಾಲೀಕರಿಗೆ, ಕೊಂಡುಕೊಳ್ಳಿ, ಗಟ್ಟಿಯಾಗಿದೆ ಅಂದರು. ಕೆಲವು ವಾರಗಳಲ್ಲಿ ಅವರ ಕುರ್ಚಿ ಖಾಲಿಯಾಯಿತು. ಪಾಲಕೋಡಿನಲ್ಲಿ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ತೆರೆದರು ಎಂದು ಕೇಳಿದೆ. ಎರಡು ವರ್ಷದ ಮೇಲೆ ಎದೆನೋವು ಬಂತು ಎಂದು ಕೇಳಿದೆ, ಆಮೇಲೆ... ಇಲ್ಲವೆಂದೂ ಕೇಳಿದೆ. ಕೆಲಸ ಕಿತ್ತುಕೊಂಡ ಕೊರಗೇ ಅವರನ್ನು ತಿಂದಿತು ಎಂದು ನಾನು ಇಷ್ಟು ದಿನ ನಂಬಿದ್ದೆ. ಮಾಲೀಕರನ್ನು ಒಳಗೊಳಗೇ ಶಪಿಸುತ್ತಲೂ ಇದ್ದೆ.

ಮೊನ್ನೆ ಊಟ ಬಿಟ್ಟೆದ್ದು ಅವರ ಮನೆಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. ಅಣ್ಣನಿಗೆ ಅನ್ಯಾಯವಾಯಿತು ಅತ್ತಿಗೆ ಅಂದೆ.

"ಕೆಲ್ಸ ಓಯ್ತು ಅಂತ ನಿಮ್ಗೆಲ್ಲ ಸಂಕ್ಟ ಕಣಮ್ಮ," ಅಂದರು. "ನಂಗೆ ಮದ್ವೆಯಾಗಿ ಅಷ್ಟು ವರ್ಸಕ್ಕೆ ಆಗ್ಲೇ ಗಂಡ ಮನೇಗ್ ಬಂದಿದ್ದು. ಆ ಎರಡು ವರ್ಸ ಫೋನ್ ಬಡ್ಕೊಂಡ್ರೂ ಏಳ್ತಿರ್ಲಿಲ್ಲ, ಅಂಗೆ ನಿದ್ದೆ ಮಾಡೋರು."

ಫೋನಿಟ್ಟು ಮೆಟ್ಟಿಲ ಮೇಲೆ ಕೂತೆ. ಮಾಲೀಕರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಣ್ಣನಿಲ್ಲವೆಂಬ ದುಃಖ ಮಾತ್ರ ಉಳಿಯಿತು. ಅವತ್ತೇ ಮೊದಲ ಸಲ ಅವರಿಗಾಗಿ ಮನಸಾರೆ ಅತ್ತೆ.