ಚಾಚಾನ ಕ್ಲಾರ್ನೆಟ್ ಮತ್ತು ನನ್ನ ಎಂ.ಎ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಧಾರವಾಡದಲ್ಲಿ ಎಂ.ಎ. ಮಾಡಿ ಬಂದವನು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ಸಂತೆಗೆ ಹೋದರೂ ತುಳುಕುತ್ತಿದ್ದೆ. ಎರಡು ಇಂಗ್ಲಿಷ್ ಮಾತು ಉದುರಿಸದೆ ಬದನೆಕಾಯಿ ಸಹ ಕೊಳ್ಳುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಮದುವೆಗಳಿಗೆ ಬ್ಯಾಂಡ್ ಬಾರಿಸುವ ಮುಸ್ಲಿಂ ಮನೆತನವೊಂದಿತ್ತು. ಅದರ ಹಿರಿಯರನ್ನು ಓಣಿಯೆಲ್ಲ ಚಾಚಾ ಅನ್ನುತ್ತಿತ್ತು. ಶಿರಹಟ್ಟಿಯಿಂದ ಮುಂಡರಗಿವರೆಗೆ ಅವರ ಕ್ಲಾರ್ನೆಟ್ಟಿಗೆ ಹೆಸರಿತ್ತು. ಒಂದು ವರ್ಷ, ಲಗ್ನದ ದಿನಗಳು ಇನ್ನೇನು ಶುರುವಾಗಬೇಕು ಅನ್ನುವಾಗ, ಆ ಕ್ಲಾರ್ನೆಟ್ ಉದ್ದಕ್ಕೂ ಸೀಳಿತು. ಚಾಚಾ ನನ್ನ ಮನೆಗೆ ಬಂದರು.

“ಮಾಸ್ತರ್ರ, ಬೊಂಬಾಯಿ ಅಂಗಡಿಗೆ ಇಂಗ್ಲಿಷಿನ್ಯಾಗ ಒಂದು ಪತ್ರ ಬರದು ಕೊಡ್ರಿ. ಜಲ್ದಿ ಒಂದು ಕ್ಲಾರ್ನೆಟ್ ಕಳಸ್ರಿ ಅಂತ. ಬೇಕಂದ್ರ ಸೀಳಿದ್ದು ತಂದು ತೋರಸ್ತೀನಿ.”

“ತೋರಸೂದು ಏನೂ ಬ್ಯಾಡ. ಹ್ಯಾಂಗಿರ್ತೈತಿ ಅಷ್ಟು ಹೇಳ್ರಿ,” ಅಂದೆ.

ಕರೀ ಕಟ್ಟಿಗೆಯದು, ಮೈತುಂಬ ಬೆರಳಿನಿಂದ ಒತ್ತುವ ಬೆಳ್ಳಗಿನ ಕೀಲಿ, ಊದುವ ಕಡೆ ಬಿದಿರಿನ ಒಂದು ತೆಳ್ಳನೆಯ ಚಕ್ಕೆ ಎಂದು ಹೇಳಿ ಅವರು ಹೋದರು. ನಾನು ದಪ್ಪ ಶಬ್ದಕೋಶ ತೆಗೆದೆ. ಬ್ಯಾಂಡಿನವರ ಬಾಯಲ್ಲಿ ಓಡಾಡುವ ಇಂಗ್ಲಿಷ್ ಶುದ್ಧವಿರಲಿಕ್ಕಿಲ್ಲ ಎಂಬುದು ನನ್ನ ಖಾತ್ರಿ. ‘ಸಿ’ ಅಕ್ಷರದ ಪುಟ ತೆರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ನೇರ ವಾದ್ಯಗಳ ಚಿತ್ರಗಳಿದ್ದ ಪುಟಕ್ಕೆ ಹೋದೆ. ಅಲ್ಲಿ ಕರೀ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದರ ಕೆಳಗೆ ‘ಓಬೋ’ ಅಂತ ಇತ್ತು. ಆ ಶಬ್ದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಎಂ.ಎ. ಆದ ನಾನೇ ಕೇಳಿಲ್ಲ ಅಂದ ಮೇಲೆ ಅದು ಬಹಳ ಶುದ್ಧವಾದ ಇಂಗ್ಲಿಷೇ ಇರಬೇಕು. ಚಾಚಾ ಹೇಳಿದ ಶಬ್ದ ಬಿಟ್ಟು ಅದನ್ನೇ ಬರೆದೆ. ಬಡಪಾಯಿಯ ಇಂಗ್ಲಿಷ್ ತಿದ್ದಿದೆನೆಂಬ ಸಂತೋಷಕ್ಕೆ ಆ ದಿನ ಎರಡು ಕಪ್ ಚಹಾ ಹೆಚ್ಚಿಗೆ ಕುಡಿದೆ.

ಗದಗ ಸ್ಟೇಷನ್ನಿಗೆ ಪಾರ್ಸಲ್ ಬಂದಾಗ ನಾನೂ ಚಾಚಾ ಜೊತೆ ಹೋದೆ, ಹೊಗಳಿಸಿಕೊಳ್ಳಲಿಕ್ಕೆ. ಅವರು ಅಲ್ಲೇ ಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿದರು. ವಾದ್ಯವನ್ನು ತಿರುಗಿಸಿ ನೋಡಿದರು. ಬಾಯಿಗೆ ಹಿಡಿದು ತೆಗೆದರು.

“ಮಾಸ್ತರ್ರ, ಇದು ಬ್ಯಾರೆ ಐತ್ರಿ. ಎರಡು ಚಕ್ಕಿ ಅದಾವು. ನನ್ನ ತುಟಿಗಿ ಒಗ್ಗೂದಿಲ್ಲ.”

“ಇಂಗ್ಲಿಷಿನ್ಯಾಗ ಕ್ಲಾರ್ನೆಟ್ಟಿನ ಖರೆ ಹೆಸರು ಓಬೋ ಅಂತ ಐತ್ರಿ ಚಾಚಾ,” ಅಂದೆ. ಅಷ್ಟಾದ ಮೇಲೂ ಅಂದೆ.

“ಹೆಸರು ಖರೆ ಇರಬೇಕ್ರಿ,” ಅಂದು ಅವರು ಪೆಟ್ಟಿಗೆ ಮುಚ್ಚಿದರು.

ಮರುದಿನವೇ ಅದನ್ನು ವಾಪಸು ಕಳಿಸಿದೆವು. ಬದಲಿ ಬರುವ ಮೊದಲೇ ಅಡರಕಟ್ಟಿಯಲ್ಲಿ ನಮ್ಮ ಶಾಲೆಯ ಗುಮಾಸ್ತರ ಮಗಳ ಮದುವೆ ಬಂತು. ಬ್ಯಾಂಡು ಚಾಚಾನದೇ. ಅವರ ಬ್ಯಾಂಡಿನಲ್ಲೊಂದು ಕಟ್ಟಳೆ ಇತ್ತು: ತನ್ನ ವಾದ್ಯ ಕೆಟ್ಟವನು ಇನ್ನೊಬ್ಬನದನ್ನು ಕೇಳಬಾರದು, ಹಿಂದಿನ ಸಾಲಿಗೆ ಹೋಗಿ ಗಿಲಕಿ ಆಡಿಸಬೇಕು. ಕೂಸಿನ ಕೈಗೆ ಕೊಡುತ್ತೇವಲ್ಲ, ಅಂಥದೇ ಗಿಲಕಿ, ತುಸು ದೊಡ್ಡದು. ಈ ಕಟ್ಟಳೆ ಮಾಡಿದವರು ಸ್ವತಃ ಚಾಚಾ. ಮೆರವಣಿಗೆ ಬಂತು. ಮುಂದೆ ಅವರ ತಮ್ಮ ತುತ್ತೂರಿ ಊದುತ್ತಿದ್ದ. ಚಾಚಾ ಕಟ್ಟಕಡೆಯ ಸಾಲಿನಲ್ಲಿ, ಜರಿಯ ಟೊಪ್ಪಿಗೆ ಹಾಕಿಕೊಂಡು ಗಿಲಕಿ ಆಡಿಸುತ್ತಿದ್ದರು.

ಬೀಗರೊಬ್ಬರು ಕೇಳಿಯೇ ಬಿಟ್ಟರು: “ಚಾಚಾ, ನಿಮ್ಮ ಕ್ಲಾರ್ನೆಟ್ ಎಲ್ಲೈತ್ರಿ?”

“ರಿಪೇರಿಗಿ ಹೋಗೇತ್ರಿ.”

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ನಾಚಿಕೆಯಿಂದ ನೆಲ ನೋಡುತ್ತ ಹೋಗಿ ಊಟಕ್ಕೆ ಕೂತೆ. ಬುಂದೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯುವ ಆಸೆಯಿದೆ, ಆದರೆ ಎರಡು ಸಲ ಹಾಕಿಸಿಕೊಂಡೆ.

ಖರೆ ಕ್ಲಾರ್ನೆಟ್ ಬಂದಾಗ ಆ ವರ್ಷದ ಲಗ್ನಗಳೆಲ್ಲ ಮುಗಿದಿದ್ದವು. ಅದಾಗಿ ಎರಡು ವರ್ಷ ಚಾಚಾನನ್ನು ಕಂಡರೆ ನಾನು ಬೇರೆ ಸಂದಿ ಹಿಡಿಯುತ್ತಿದ್ದೆ. ಒಂದು ಮುಂಜಾನೆ ಅವರೇ ಬಂದು ಬಾಗಿಲಲ್ಲಿ ನಿಂತರು. ಬೊಂಬಾಯಿಯಿಂದ ಹೊಸ ಚಕ್ಕೆಗಳನ್ನು ತರಿಸಬೇಕಿತ್ತು, ಪತ್ರ ಬೇಕಾಗಿತ್ತು.

“ಬ್ಯಾರೆಯವರ ಕಡೆ ಬರಸ್ರಿ ಚಾಚಾ. ನನ್ನ ಕೈಗುಣ ನಿಮಗ ಗೊತ್ತೈತಿ,” ಅಂದೆ.

“ಅದಕ್ಕ ಬಂದೀನ್ರಿ. ಹೊಸಬ್ರು ತಪ್ಪೂದು ಇನ್ನೂ ಮುಂದ ಐತಿ. ನೀವು ತಪ್ಪಿ ಮುಗಿಸೀರಿ.”

ನಾನು ಕಾಗದ ತೆಗೆದೆ. ಶಬ್ದಕೋಶದ ಕಡೆ ಕೈ ಹೋಗಿತ್ತೋ ಏನೋ. ಚಾಚಾ ಬಗಲಲ್ಲಿದ್ದ ಬಟ್ಟೆಗಂಟು ಬಿಚ್ಚಿ, ಕ್ಲಾರ್ನೆಟ್ಟನ್ನು ನನ್ನ ಮೇಜಿನ ಮೇಲೆ ಅಡ್ಡ ಇಟ್ಟರು.

“ಎದುರಿಗಿರಲಿ,” ಅಂದರು. “ನೋಡಿಕೋತ ಬರೀರಿ.”